ಕಾಡಿನ ಗುಡಿಯ ಅರ್ಧ ಪ್ರದಕ್ಷಿಣೆ

ನನ್ನ ವೈನಿಗೆ,

ಮೊದಲು ಸಣ್ಣ ಸುದ್ದಿ ಹೇಳಿಬಿಡುತ್ತೇನೆ, ದೊಡ್ಡದಕ್ಕೆ ಧೈರ್ಯ ಕೂಡಬೇಕು. ಮುಂಡರಗಿಯಾಚೆ ನಿಜಾಮನ ಸೀಮೆಯಲ್ಲಿದ್ದ ನಿನ್ನ ತವರೂರು ಈಗ ನಮ್ಮ ರಾಜ್ಯದಲ್ಲೇ ಇದೆ. "ತವರಿಗೂ ಗಂಡನ ಮನಿಗೂ ನಡುವ ಸರಕಾರನ ಬ್ಯಾರೆ, ಅದಕ್ಕ ಜಲ್ದಿ ಹೋಗಿ ಬರಾಕ ಆಗೂದಿಲ್ಲ" ಎಂದು ನಗುತ್ತಿದ್ದೆಯಲ್ಲ, ಕನ್ನಡ ನಾಡು ಒಂದಾಗಿ ಆ ಗಡಿ ಈ ತಿಂಗಳು ಅಳಿಸಿಹೋಯಿತು. ಗದಗಿನಲ್ಲಿ ಮೆರವಣಿಗೆ ನಡೆಯಿತು. ಬೆಟಗೇರಿಯ ನೇಕಾರರ ಓಣಿಯಲ್ಲಿ ಸಕ್ಕರೆ ಹಂಚಿದರು. ನನ್ನ ಕೈಗೂ ಒಂದು ಚಿಟಿಕೆ ಬಂತು. ಆಗ ನೀನು ನೆನಪಾದೆ ಎಂದರೆ ಸುಳ್ಳಾದೀತು. ನಿನ್ನನ್ನು ಮರೆತದ್ದಾದರೂ ಯಾವಾಗ?

ನೀನು ಹೋದ ದಿನ ಕಣ್ಣ ಮುಂದೆಯೇ ಇದೆ. ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತ್ತು. ಜ್ವರದಲ್ಲಿ ಸುಟ್ಟುಹೋಗಿದ್ದ ನಿನಗೆ ಸ್ನಾನ ಮಾಡಿಸಿ ಸೊರಟೂರಿನ ಮನೆಯ ಪಡಸಾಲೆಯಲ್ಲಿ ಮಲಗಿಸಿದ್ದರು. ಹಸಿರು ಸೀರೆ ತೆಗೆಯಲೋ ಬಿಳಿಯದು ತೆಗೆಯಲೋ ತಿಳಿಯದೆ ಸೋದರತ್ತೆ ಪೆಟ್ಟಿಗೆಯ ಮುಂದೆ ಕುಳಿತಿದ್ದಳು. "ಏನ್ ಮಾಡೂದು ಹೇಳ್ರಿ. ಕುಂಕುಮ ಹಚ್ಚಿ ಕಳಸೂದೋ, ಹಂಗ ಕಳಸೂದೋ?" ದೊಡ್ಡ ಯುದ್ಧಕ್ಕೆ ಹೋದ ನಿನ್ನ ಗಂಡ, ನನ್ನ ಅಣ್ಣ, ಸಿಂಗಾಪುರ ಬಿದ್ದ ಮೇಲೆ ಸತ್ತವರಲ್ಲೂ ಇರಲಿಲ್ಲ, ಬದುಕಿದವರಲ್ಲೂ ಇರಲಿಲ್ಲ. ಸೈನ್ಯದವರು ಹೇಳಿದ್ದು ಒಂದೇ ಮಾತು: ಪತ್ತೆಯಿಲ್ಲ.

ಅಣ್ಣನ ಕ್ರಿಯೆ ಮಾಡಿ ಮುಗಿಸೋಣ ಎಂದು ದೊಡ್ಡಪ್ಪ ಹಟ ಹಿಡಿದಾಗ ನೀನು ಬಾಗಿಲ ಮರೆಯಿಂದಲೇ ಕೇಳಿದ್ದೆ, "ಹೆಣಾ ಯಾರ್ ನೋಡ್ಯಾರ್ರಿ, ಮಾವಾ?" ಆಮೇಲೆ ಅವನು ಆ ಮಾತು ಎತ್ತಿರಲಿಲ್ಲ. ನೀನು ಸುಮ್ಮನೆ ಮಲಗಿದ್ದ ಆ ದಿನ ಮಾತ್ರ ಎತ್ತಿದ. "ಹನ್ನೆರಡು ವರ್ಷ ತುಂಬಿ ಹೋಗ್ಯಾವು. ಶಾಸ್ತ್ರದ ಪ್ರಕಾರ ಅವ ಇಲ್ಲ. ಇಲ್ಲದಾಂವನ ಹೆಂಡತಿ ಮುತ್ತೈದಿ ಹೆಂಗಾಗ್ತಾಳ?" ಎಲ್ಲರೂ ಅವ್ವನ ಮುಖ ನೋಡಿದರು. ಅವ್ವ ಎದ್ದಳು. ಸೆರಗಿನ ತುದಿಯನ್ನು ನೀರಲ್ಲಿ ಅದ್ದಿದಳು. ನಿನ್ನ ಹಣೆಯನ್ನು ಒರೆಸಿದಳು. ಒಮ್ಮೆ ಒರೆಸಿದರೆ ಹೋಗಲಿಲ್ಲ ವೈನಿ, ಅಷ್ಟು ವರ್ಷ ಹಚ್ಚಿದ್ದು ಚರ್ಮಕ್ಕೇ ಇಳಿದಿತ್ತು. ಅವ್ವ ತಿಕ್ಕಬೇಕಾಯಿತು.

ಅವ್ವ ನಡುಮಧ್ಯಾಹ್ನ ಹಿತ್ತಲ ಬಾಗಿಲು ಹಾಕಿಕೊಳ್ಳತೊಡಗಿದ್ದು ಅದಾದ ಮೇಲೆ. ಪುಣೆಯಿಂದ ರಜೆಗೆ ಬಂದವನು ಸೆಕೆ ತಾಳದೆ ಬಾಗಿಲು ತೆಗೆಯಲು ಹೋದೆ. ಅವ್ವ ಓಡಿ ಬಂದು ನನ್ನ ಕೈ ಹಿಡಿದಳು. "ತಗೀಬ್ಯಾಡೋ. ಬಾವಿ ಕಟ್ಟಿ ಮ್ಯಾಲ ನಿಂತಾಳ." ಯಾರು ಎಂದು ನಾನು ಕೇಳಲಿಲ್ಲ. "ಮಾತಾಡೂದಿಲ್ಲ, ಅಳೂದಿಲ್ಲ. ಸೆರಗು ಸರಿಸಿ ಹಣಿ ಅಷ್ಟ ತೋರಸ್ತಾಳ." ನಾನು ಕಂಡಿಯಿಂದ ನೋಡಿದೆ. ಬಾವಿಯ ಕಟ್ಟೆಯ ಮೇಲೆ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಹಾಗೆಂದು ಬಾಗಿಲು ತೆಗೆಯುವ ಧೈರ್ಯ ನನಗಾದರೂ ಎಲ್ಲಿ ಬಂತು?

ಅದೇ ವರ್ಷ ಶ್ರಾವಣದಲ್ಲಿ ಕಾಂಬೋಡಿಯಾಕ್ಕೆ ಹೊರಡಬೇಕೆಂದು ಹುಕುಂ ಬಂತು. ಅಲ್ಲಿ ಜಗಳ ನಿಂತು ಒಪ್ಪಂದವಾಗಿತ್ತು. ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ನಮ್ಮ ಸರ್ಕಾರ ಜನರನ್ನು ಕಳಿಸಿತ್ತು. ಸೈನ್ಯದ ಕಚೇರಿಯಲ್ಲಿ ಟೈಪಿಸ್ಟನಾಗಿದ್ದ ನನ್ನ ಪಾಲಿಗೆ ಉತ್ತರದ ಒಂದು ಸಣ್ಣ ಊರು ಬಂತು. ನಾನು ಇಳಿದಾಗ ಮಳೆಗಾಲ. ಕಂಬಗಳ ಮೇಲೆ ನಿಂತ ಮರದ ಮನೆ, ಕೆಳಗೆ ನೀರು, ಮೇಲೆ ನಾನು ಮತ್ತು ಟೈಪ್‌ರೈಟರು. ಆ ಮಳೆಗಾಲವೆಲ್ಲ ಅಲ್ಲೇ ಕುಳಿತಿದ್ದೆ. ಇದನ್ನು ನೆನಪಿಟ್ಟುಕೋ ವೈನಿ, ನಾನಂತೂ ಮರೆಯಲಾರೆ.

ದಾರಿ ಒಣಗಿದ ಮೇಲೆ ಒಂದು ದಿನ ಜೀಪಿನಲ್ಲಿ ಹಳ್ಳಿಗಳ ಕಡೆ ಹೋಗಿದ್ದೆವು. ಜೊತೆಗೆ ನಮ್ಮ ದುಭಾಷಿ, ನಡುವಯಸ್ಸಿನ ಮಾಸ್ತರ, ಒಳ್ಳೆಯ ಮನುಷ್ಯ. ನಮ್ಮದು ಶಿವನ ಗುಡಿಯ ಪೂಜೆಯ ಮನೆತನ ಎಂದು ಕೇಳಿ, ಕಾಡಿನೊಳಗೆ ನಿಮ್ಮ ದೇವರ ಹಾಳುಗುಡಿಯೊಂದಿದೆ, ನೋಡುತ್ತೀರಾ ಎಂದ. ಜೀಪು ಬಿಟ್ಟು ನಡೆದೆವು. ಮರಗಳು ಆಕಾಶ ಮುಚ್ಚಿದ್ದವು. ಜೀರುಂಡೆಗಳ ಸದ್ದು ಒಮ್ಮೆಲೇ ನಿಂತಿತು, ಯಾರೋ ಸುಮ್ಮನಿರಿ ಎಂದು ಹೇಳಿದ ಹಾಗೆ. ಎದುರಿಗೆ ಗುಡಿ. ಗೋಪುರದ ತಲೆಯ ಮೇಲೆ ಒಂದು ಮರ ಕುಳಿತು ಬೇರುಗಳನ್ನು ಬಾಗಿಲವಾಡದವರೆಗೆ ಇಳಿಬಿಟ್ಟಿತ್ತು. ಬಾಗಿಲ ಮೇಲಿನ ಕಲ್ಲಿನಲ್ಲಿ ಆನೆಯ ಮೇಲೆ ಕುಳಿತ ಇಂದ್ರ, ಮುಖ ಸವೆದುಹೋಗಿದೆ. ಮಂಟಪದ ಕಲ್ಲುಗಳು ಬಿದ್ದು ಪಾಚಿ ಹಿಡಿದಿವೆ. ನಮ್ಮ ಲಕ್ಷ್ಮೇಶ್ವರದ ಕಡೆ ಹೊಲದಲ್ಲಿ ನೇಗಿಲಿಗೆ ಸಿಗುವ ಕಲ್ಲುಗಳಂಥವೇ. ಆದರೆ ಅಂಗಳ ಮಾತ್ರ ಗುಡಿಸಿಟ್ಟಂತಿತ್ತು. ಒಂದು ಎಲೆಯೂ ಬಿದ್ದಿರಲಿಲ್ಲ.

ಒಳಗಿನಿಂದ ಒಬ್ಬ ಹೆಂಗಸು ಕೊಡ ಹಿಡಿದು ಹೊರಬಂದಳು. ನಮ್ಮನ್ನು ನೋಡಿಯೂ ನಿಲ್ಲದೆ ಗುಡಿ ಸುತ್ತತೊಡಗಿದಳು. ಅಭಿಷೇಕದ ನೀರು ಹೊರಬರುವ ಗೋಮುಖದ ಹತ್ತಿರ ಬಂದಳು, ನಿಂತಳು, ಅದನ್ನು ದಾಟದೆ ಬಂದ ದಾರಿಯಲ್ಲೇ ತಿರುಗಿದಳು. ಶಿವನಿಗೆ ಅರ್ಧ ಪ್ರದಕ್ಷಿಣೆ, ಗೋಮುಖ ದಾಟಬಾರದು ಎಂದು ಅಪ್ಪ ಅಣ್ಣನಿಗೂ ನನಗೂ ಕಿವಿ ಹಿಂಡಿ ಕಲಿಸಿದ್ದ. ಬುದ್ಧನಿಗೆ ಕೈಮುಗಿಯುವ ಈ ನಾಡಿನಲ್ಲಿ ಇದನ್ನು ಇವಳಿಗೆ ಕಲಿಸಿದವರು ಯಾರು? ಅಷ್ಟರಲ್ಲಿ ಅವಳು ನನ್ನ ಮುಂದೆ ಬಂದು, ಬಿದ್ದ ಕಂಬವೊಂದನ್ನು ತೋರಿಸಿ ಹೇಳಿದಳು:

"ಕುಂಡ್ರು. ನೀರ ಬೇಕನು?"

ನಾನು ಹಿಂದೆ ತಿರುಗಿ ನೋಡಿದೆ ವೈನಿ. ನಮ್ಮೂರಿನ ಯಾರೋ ನನ್ನ ಬೆನ್ನ ಹಿಂದೆ ನಿಂತು ಮಾತಾಡಿದರು ಅಂತಲೇ ತಿಳಿದೆ. ಹಿಂದೆ ಬರೀ ಮರಗಳು. ದುಭಾಷಿ ಕೇಳಿದ, ಇವಳು ಹೇಳಿದ್ದು ಯಾವ ಭಾಷೆ, ನನಗೆ ತಿಳಿಯಲಿಲ್ಲವಲ್ಲ ಎಂದು. "ಈ ಮಾತು ಯಾರು ಕಲಿಸಿದರು, ಕೇಳು" ಎಂದೆ. ತನ್ನ ಗಂಡ ಎಂದಳು. ನಿಮ್ಮ ಹಾಗೇ ಕಪ್ಪಗಿದ್ದ, ನಿಮ್ಮ ಹಾಗೇ ಮೂಗು. ಅವನ ಊರು? ಅವಳು ಯೋಚಿಸಲಿಲ್ಲ. "ಸೋರತೂ" ಎಂದಳು.

ಆ ಬಿದ್ದ ಕಂಬದ ಮೇಲೆ ಕುಳಿತು ಉಳಿದದ್ದನ್ನು ಕೇಳಿದೆ. ಜಪಾನಿಯರು ಸೆರೆಯಾಳುಗಳನ್ನು ಪಕ್ಕದ ಸಯಾಮ್ ದೇಶಕ್ಕೆ ಒಯ್ದು ರೈಲುದಾರಿ ಹಾಕಿಸುತ್ತಿದ್ದರಂತೆ. ಅಲ್ಲಿಂದ ತಪ್ಪಿಸಿಕೊಂಡು ಕಾಡು ಹಿಡಿದವನು ಕಾಲು ಮುರಿದುಕೊಂಡು ಈ ಗುಡಿಯಲ್ಲಿ ಬಿದ್ದಿದ್ದ. ಅವಳೂ ಅವಳ ತಂದೆಯೂ ಅನ್ನ ತಂದುಕೊಟ್ಟರು. ಕಾಲು ಕೂಡಿತು, ಸೊಟ್ಟಗೆ ಕೂಡಿತು. ಎದ್ದವನು ಮೊದಲು ಮಾಡಿದ ಕೆಲಸ, ಗೋಮುಖದಲ್ಲಿ ತುಂಬಿದ್ದ ಮಣ್ಣು ತೆಗೆದದ್ದು. ಯುದ್ಧ ಮುಗಿಯಿತಲ್ಲ, ಊರಿಗೆ ಯಾಕೆ ಹೋಗಲಿಲ್ಲ ಎಂದು ಕೇಳಿಸಿದೆ. ಅವಳು ನೆಲ ನೋಡುತ್ತ ಹೇಳಿದಳು: ಎಷ್ಟೋ ಸಲ ಬಟ್ಟೆ ಕಟ್ಟಿಕೊಂಡು ದೊಡ್ಡ ರಸ್ತೆಯವರೆಗೆ ಹೋಗುತ್ತಿದ್ದ. ಸಂಜೆ ತಿರುಗಿ ಬರುತ್ತಿದ್ದ. ನಾನು ಕೇಳುತ್ತಿರಲಿಲ್ಲ, ಅವನು ಹೇಳುತ್ತಿರಲಿಲ್ಲ.

ಯಾಕೆ ಬರಲಿಲ್ಲ ವೈನಿ? ಓಡಿಬಂದ ಸಿಪಾಯಿಯನ್ನು ಹಿಡಿಯುತ್ತಾರೆಂಬ ಹೆದರಿಕೆಯೋ, ಸೊಟ್ಟ ಕಾಲೋ, ಇವಳೋ? ಅಥವಾ ಬಹಳ ದಿನವಾಗಿಬಿಟ್ಟಿತು, ಇನ್ನು ಯಾವ ಮುಖ ಹೊತ್ತು… ನನಗೆ ಗೊತ್ತಿಲ್ಲ. ಅವನು ಸತ್ತದ್ದು ಯಾವಾಗ ಎಂದು ಕೇಳಿದೆ. ಕಳೆದ ಮಳೆಗಾಲ, ಬತ್ತದ ಗದ್ದೆಯಲ್ಲಿ ನೀರು ತುಂಬಿದ್ದಾಗ, ಜ್ವರ ಬಂದು. ಆಗ ನೀನು ಹೋಗಿ ತಿಂಗಳುಗಳಾಗಿದ್ದವು. ಆಗ ನಾನು ಆ ಮರದ ಮನೆಯಲ್ಲೇ ಇದ್ದೆ. ಜೀಪಿನಲ್ಲಿ ಅರ್ಧ ದಿನದ ದಾರಿ. ಅಣ್ಣ ಇಲ್ಲಿ ನರಳುವಾಗ ನಾನು ಅದೇ ಮಳೆಯ ಸದ್ದು ಕೇಳುತ್ತ ಟೈಪು ಮಾಡುತ್ತಿದ್ದೆ.

ಅವಳ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ನಿನ್ನ ಸಲುವಾಗಿಯಾದರೂ ಬರಬೇಕಿತ್ತು. ಅವನನ್ನು ಸುಟ್ಟ ಜಾಗ ತೋರಿಸಿದಳು, ಅಲ್ಲಿ ಆಗಲೇ ಮೊಣಕಾಲುದ್ದ ಹುಲ್ಲು. ಬಾಳೆಲೆಯಲ್ಲಿ ಅನ್ನ ಮೀನು ತಂದಿಟ್ಟಳು. ಮೀನು ತಿನ್ನದವನು ಬರೀ ಅನ್ನ ಉಂಡೆ. ಉಣ್ಣುವಾಗ ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು, ತುತ್ತು ಕಟ್ಟುವ ಕೈಯನ್ನು. ಆಮೇಲೆ ಸೆರಗಿಲ್ಲದ ಆ ಹೆಂಗಸು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡಳು. ಸಿಟ್ಟು ಎಲ್ಲಿಂದ ತರಲಿ?

ಅಲ್ಲಿಯ ಕೆಲಸ ಮುಗಿಸಿ ಈ ವರ್ಷ ಭಾದ್ರಪದದಲ್ಲಿ ಊರಿಗೆ ಬಂದಾಗ ಅವ್ವ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದಳು. ಕಾಗದದಲ್ಲಿ ಬರೆದಿರಲಿಲ್ಲ, ಹೇಳಲೋ ಬೇಡವೋ ಎಂದು ಹಡಗಿನಲ್ಲೆಲ್ಲ ಯೋಚಿಸಿದ್ದೆ. ನೀನು ಹೋದಾಗ ಅಣ್ಣ ಬದುಕಿದ್ದ ಎಂದರೆ, ನಿನ್ನ ಹಣೆ ಒರೆಸಿದ್ದು ತಪ್ಪಾಯಿತು ಎಂದೇ ಹೇಳಿದಂತೆ. ಆದರೂ ಹೇಳಿದೆ, ಏನೂ ಬಿಡದೆ. ಅವ್ವ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಡಲಿಲ್ಲ. ಕೇಳಿದ್ದು ಇಷ್ಟೇ: "ಆಕಿ ಅವಂಗ ಉಣ್ಣಾಕ ಏನ್ ಹಾಕ್ತಿದ್ಲಂತ?"

"ಅನ್ನ, ಅವ್ವ."

"ಬರೇ ಅನ್ನನ? ರೊಟ್ಟಿ ಇಲ್ಲದ ಹೆಂಗ ಇದ್ದನೋ ನನ್ನ ಕೂಸು." ಆಮೇಲೆ ಅತ್ತಳು. ಅತ್ತು ಮುಗಿಸಿ, ಎದ್ದು, ದೊಡ್ಡಪ್ಪನ ಮನೆಗೆ ತಾನೇ ಹೋದಳು. ಬರುವ ಪಿತೃಪಕ್ಷದಲ್ಲಿ ಅವಿಧವಾ ನವಮಿ, ಗಂಡನಿಗಿಂತ ಮೊದಲು ಹೋದ ಮುತ್ತೈದೆಯರ ದಿನ. ಆ ದಿನ ನಿನ್ನ ಹೆಸರಿನಲ್ಲಿ ಮುತ್ತೈದೆಯರನ್ನು ಉಣ್ಣಿಸಬೇಕು ಎಂದಳು. ದೊಡ್ಡಪ್ಪ ಕನ್ನಡಕ ತೆಗೆದ. "ಯಾವ ಆಧಾರದ ಮ್ಯಾಲ? ಯಾರೋ ಕಾಡಿನ್ಯಾಕಿ ಹೇಳಿದ್ದು ಖರೆ ಅಂತ ಹೆಂಗ ನಂಬೂದು?"

"ಒರೆಸಾಕ ಆಧಾರ ಕೇಳಲಿಲ್ಲಲ್ರಿ ಭಾವಾರ, ಹಚ್ಚಾಕ ಯಾಕ ಕೇಳ್ತೀರಿ?" ಅವ್ವ ಅವನೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನಾನು ನೋಡಿರಲಿಲ್ಲ. ನವಮಿಯ ದಿನ ಹೆಂಗಸರು ಬಂದು ಉಂಡು ಹೋದರು. ಸೋದರತ್ತೆ ತಾನೇ ಹೋಗಿ ಹಸಿರು ಸೀರೆ ತಂದಿದ್ದಳು. ಅಮಾವಾಸ್ಯೆಗೆ ಅಣ್ಣನಿಗೂ ಎಳ್ಳುನೀರು ಬಿಟ್ಟೆವು. ಮರುದಿನ ಮಧ್ಯಾಹ್ನ ಅವ್ವ ಹಿತ್ತಲ ಬಾಗಿಲು ತೆಗೆದು ಹೊಸ್ತಿಲ ಮೇಲೆ ಕುಳಿತು ಸಂಜೆಯವರೆಗೂ ಬಾವಿಯನ್ನು ನೋಡಿದಳು. "ಇಲ್ಲೋ, ಬರಲಿಲ್ಲ" ಎಂದಳು. ಅವಳ ದನಿಯಲ್ಲಿ ಇದ್ದದ್ದು ಸಮಾಧಾನವೋ, ನೀನು ಬರಲಿಲ್ಲವೆಂಬ ನೋವೋ…

ಅವ್ವನಿಗೂ ಹೇಳದ ಒಂದು ಸಂಗತಿ ಉಳಿದಿದೆ. ಅದು ನಿನ್ನದು. ನಾನು ಹೊರಟಾಗ ಆ ಹೆಂಗಸು ಹಾದಿಯವರೆಗೆ ಬಂದು ದುಭಾಷಿಯ ತೋಳು ಹಿಡಿದು ಏನೋ ಕೇಳಿದಳು. ಜ್ವರದ ಕೊನೆಯ ದಿನಗಳಲ್ಲಿ ಗಂಡ ಒಂದೇ ಮಾತು ಕೂಗುತ್ತಿದ್ದನಂತೆ, ಅದರ ಅರ್ಥ ಅವಳಿಗೆ ಹೇಳಿಕೊಟ್ಟಿರಲಿಲ್ಲವಂತೆ. ಏನದು ಎಂದೆ. ಅವಳು ತಪ್ಪಿಲ್ಲದೆ ಹೇಳಿದಳು: "ಗಂಗಾ."

ಮನೆಯಲ್ಲಿ ಎಲ್ಲರೆದುರು ಅಣ್ಣ ನಿನ್ನನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿರಲೇ ಇಲ್ಲ. ಮೊದಲ ಸಲ ಕೇಳಿದ್ದು ಅಲ್ಲಿ, ಅವಳ ಬಾಯಲ್ಲಿ. ಅದು ನಿಮ್ಮ ದೇವರ ಹೆಸರೇ ಎಂದು ಕೇಳಿಸಿದಳು. ನಾನು ಹೌದು ಎಂದೆ. ಶಿವನ ತಲೆಯ ಮೇಲಿನ ನದಿ, ನೀರು ಎರೆಯುವಾಗ ಹೇಳಬೇಕಾದ ಹೆಸರು ಎಂದೆ. ಅವಳ ಮುಖ ಅರಳಿತು. ಹಾಗಾದರೆ ತಾನು ದಿನಾ ಬೆಳಿಗ್ಗೆ ಮಾಡುತ್ತಿರುವುದು ಸರಿಯೇ ಆಯಿತು ಎಂದಳು.

ಅಲ್ಲಿ ನಮಗಿಂತ ಮೊದಲು ಬೆಳಗಾಗುತ್ತದೆ ವೈನಿ. ಸೊರಟೂರಿನಲ್ಲಿ ಯಾರೂ ಇನ್ನೂ ಏಳದ ಹೊತ್ತಿಗೆ, ಆ ಬೇರುಗಳ ಕೆಳಗಿನ ಕತ್ತಲಲ್ಲಿ ನಿನ್ನನ್ನು ಕಾಣದ ಒಬ್ಬ ಹೆಂಗಸು ಕಲ್ಲಿನ ಮೇಲೆ ನೀರೆರೆಯುತ್ತ ನಿನ್ನ ಹೆಸರು ಕರೆಯುತ್ತಾಳೆ.

ನಿನ್ನ ಮೈದುನ