ಜಾರುಗಾಡಿಯ ಕೆಳಗಿನ ಗುಂಡಿಗೆ ಜಡಿದ ಬೀಗ

ಉದಗೀರದ ವಿನೋದವನದ ದಾರೋಗಾ ಸಾಹೇಬರಿಗೆ,

ಮಾನ್ಯರೇ, ಏಳು ವರ್ಷಗಳಲ್ಲಿ ಮೂರು ಜಾರುಗಾಡಿ, ನಾನೂರು ಸಾಗವಾನಿ ತೊಲೆ, ಎರಡು ಮುರಿದ ಕೈ, ಒಂದು ದೇವಣಿ ಎತ್ತು: ಇದು ಈವರೆಗಿನ ಖರ್ಚು. ಇದಕ್ಕೆ ನನ್ನ ಅಕ್ಕ ಶಿವಗಂಗಾಬಾಯಿಯ ಜೀವವನ್ನೂ ಸೇರಿಸಲು ತಮ್ಮ ಒಂದು ಬೀಗ ಸಾಕು. ಆಕೆ ಮೂರು ದಿನದಿಂದ ಹನಿ ನೀರು ಮುಟ್ಟಿಲ್ಲ.

ಈ ಗಾಡಿಗಳ ಚರಿತ್ರೆ ತಮಗೆ ಮರೆತಿರಬಹುದು. ಕಾಳಿನ ಅಡತಿ ನಡೆಸುವ ನನಗೆ ಮರೆತಿಲ್ಲ. ಫಸಲಿ ವರ್ಷ ೧೩೧೮ರಲ್ಲಿ ಕಟ್ಟಿಸಿದ ಮೊದಲನೆಯದು ಬರೀ ಹಲಗೆಯ ಇಳಿಜಾರು. ಎತ್ತುಗಳು ಜನ ಕೂರುವ ಪೆಟ್ಟಿಗೆಯನ್ನು ಹಗ್ಗದಿಂದ ಮೇಲೆಳೆಯಬೇಕು, ಬಿಟ್ಟರೆ ಅದು ತಾನೇ ಕೆಳಗೆ ಓಡಬೇಕು. ಹಗ್ಗ ಹರಿಯಿತು, ಪೆಟ್ಟಿಗೆ ಎತ್ತಿನ ಮೇಲೆಯೇ ಬಂತು. ಎರಡನೆಯ ಗಾಡಿಗೆ ತಿರುವು ಇಟ್ಟಿರಿ; ಗಾಡಿ ತಿರುಗುವ ಮೊದಲೇ ಜನ ಹೊರಗೆ ಬಿದ್ದರು. ಮೂರನೆಯದಕ್ಕೆ ಕಬ್ಬಿಣದ ಹಳಿ, ಎರಡು ಏರು, ಎರಡು ಇಳಿತ, ಮೈತುಂಬ ಬಣ್ಣ. ಅಷ್ಟು ಬಣ್ಣ ಬಳಿಸಿದವರಿಗೆ ಹಲಗೆಗಳ ನಡುವಿನ ಸಂದು ಮುಚ್ಚಿಸಲು ಪುರಸೊತ್ತು ಸಿಗಲಿಲ್ಲವೇ?

ಸೋಮವಾರ ವಲಾಂಡಿಯಿಂದ ಬಂದ ಅಕ್ಕನನ್ನು ಅದರಲ್ಲಿ ಕೂರಿಸಿದ ಮೂರ್ಖ ನಾನೇ. "ಬ್ಯಾಡೋ ತಮ್ಮಾ, ಬಂಡ್ಯಾಗ ಕುಣದು ಕುಣದು ಬಂದೀನಿ, ಮತ್ತೊಂದ್ಯಾಕ?" ಎಂದಳು. ನಾನು ಕೇಳಲಿಲ್ಲ. ಎರಡನೆಯ ಇಳಿತದಲ್ಲಿ ಶಿವದಾರ ಹರಿದು, ಕೊರಳಲ್ಲಿದ್ದ ಇಷ್ಟಲಿಂಗವಿಟ್ಟ ಬೆಳ್ಳಿಯ ಕರಡಿಗೆ ಹಲಗೆಯ ಸಂದಿನಿಂದ ಕೆಳಗಿನ ಗುಂಡಿಗೆ ಬಿತ್ತು. ಲಿಂಗ ಮರಳಿ ಕೈಗೆ ಬರುವತನಕ ಅನ್ನ ನೀರು ಮುಟ್ಟಬಾರದೆಂಬುದು ನಮ್ಮವರ ನೇಮ. ಅದೇ ಸಂಜೆ ತಾವು "ತನಿಖೆ ಮುಗಿಯುವವರೆಗೆ" ಎಂದು ಗುಂಡಿಯ ಬಾಗಿಲಿಗೆ ಬೀಗ ಜಡಿದು ಮೊಹರು ಹಾಕಿಸಿದಿರಿ. ಏನು ತನಿಖೆ ಸ್ವಾಮಿ? ಬಿದ್ದದ್ದು ಎಲ್ಲಿದೆಯೆಂದು ಊರಿಗೇ ಗೊತ್ತು.

ತಮ್ಮ ಗುಮಾಸ್ತ ಓಂಪ್ರಕಾಶ ದಫ್ತರಿನಲ್ಲಿ "ಬೆಳ್ಳಿ ಡಬ್ಬಿ ಒಂದು, ಕಿಮ್ಮತ್ತು ಎರಡು ರೂಪಾಯಿ" ಎಂದು ಬರೆದುಕೊಂಡ. "ಸಾವಕಾರ್ರೇ, ಇಷ್ಟಕ್ಯಾಕ ಗದ್ದಲ? ರೊಕ್ಕ ಕೊಡ್ತೀವಿ, ಹೊಸಾದು ತೊಗೊಂಡು ಕೊಡ್ರಿ" ಎಂದ. ಬೆಲೆ ಕಟ್ಟುವುದೇ ನನ್ನ ಕಸುಬು. ಆದರೂ ಆ ಸಾಲು ನೋಡಿ ಹೇಸಿಕೆಯಾಯಿತು. ಮನೆಯಲ್ಲಿ ಹೇಳಿದಾಗ ಅಕ್ಕ ಒಣಗಿದ ತುಟಿಯಲ್ಲೇ ನಕ್ಕಳು: "ಅಂವನ ಅವ್ವ ಕಳದ್ರ ಪ್ಯಾಟ್ಯಾಗ ಹೊಸಾಕಿನ್ನ ತರತಾನಂತೇನು, ಕೇಳಿ ಬಾ." ಅದು ನಿನ್ನೆಯ ಮಾತು. ಇವತ್ತು ಆಕೆಗೆ ಎದ್ದು ಕೂರಲೂ ಆಗುತ್ತಿಲ್ಲ.

ಆದ್ದರಿಂದ ಇಂದು ಹೊತ್ತು ಮುಳುಗುವುದರೊಳಗೆ ಬೀಗ ತೆಗೆಸಿರಿ. ಗುಂಡಿಗೆ ನಾನೇ ಇಳಿಯುತ್ತೇನೆ. ತಮ್ಮ ಸಿಪಾಯಿಯ ಬೂಟಿಗೂ ಕೆಸರು ಹತ್ತದು. ಆಮೇಲೆ ತಮ್ಮ ತನಿಖೆ ಹತ್ತು ವರ್ಷ ನಡೆಯಲಿ.

ಈ ಜಾರುಗಾಡಿಯಿಂದ ಯಾರಿಗೆ ಏನು ಸಿಕ್ಕಿತು? ಗುತ್ತಿಗೆದಾರನಿಗೆ ಮೂರು ಗುತ್ತಿಗೆ. ತಮಗೆ ಒಂದು ಬಡ್ತಿ. ಓಂಪ್ರಕಾಶನಿಗೆ ಬರೆಯಲು ಒಂದು ಸಾಲು. ಶಿವಗಂಗಾಬಾಯಿಗೆ, ಈ ಮಧ್ಯಾಹ್ನದವರೆಗೆ, ಏನೂ ಇಲ್ಲ.

ಇಂತಿ,
ಅಕ್ಕನ ಎದುರು ತಲೆ ಎತ್ತಲಾರದ
ವಿಶ್ವನಾಥಪ್ಪ, ಅಡತಿ ಅಂಗಡಿ, ಉದಗೀರ