ಮೋಟಾರಿನ ಚೀಟಿಯಲ್ಲಿ ಇಲ್ಲದ ಸಾಲು

ಅಪ್ಪಾ,

ಮಾಹಿತಿ ಬರಹಗಳನ್ನು ಹೇಗೆ ಜೋಡಿಸಿರುತ್ತಾರೆಂದು ಗುರುತಿಸುವ ಪಾಠವನ್ನು ಇಂದು ಏಳನೇ ತರಗತಿಗೆ ಮಾಡಿದೆ. ಹಂತ ಹಂತದ ಬರಹಕ್ಕೆ ಉದಾಹರಣೆಯಾಗಿ, ನೀರಿನ ಮೋಟಾರು ಹಾಕಲು ನೀನು ಬರೆದುಕೊಟ್ಟ ಚೀಟಿಯನ್ನೇ ನೆನಪಿನಿಂದ ಹೇಳಿದೆ: ಮೊದಲು ವಾಲ್ವ್ ತಿರುಗಿಸು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ, ಸದ್ದು ಬದಲಾದರೆ ತಕ್ಷಣ ಆರಿಸು.

ಎಲ್ಲದಕ್ಕೂ ವಾದ ಹೂಡುವ ನಮ್ಮ 'ಲಾಯರಮ್ಮ' ಎದ್ದಳು.

"ಟೀಚರ್, ಇದು ಬರೀ ಹಂತ ಅಲ್ಲ, ಸಮಸ್ಯೆ-ಪರಿಹಾರ. ಸಮಸ್ಯೆ ಮಾತ್ರ ಬರೆದಿಲ್ಲ."

"ಏನಮ್ಮಾ ಸಮಸ್ಯೆ?"

"ಮೋಟಾರು ಹಾಕೋರು ಇನ್ಮೇಲೆ ಮನೇಲಿರಲ್ಲ."

ಹನ್ನೆರಡು ವರ್ಷದ ಹುಡುಗಿ! ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ 'ಸಮಸ್ಯೆ-ಪರಿಹಾರ' ಎಂದು ಬರೆದೆ. ಆ ಚೀಟಿಯನ್ನು ನಾನು ಎರಡು ವರ್ಷದಿಂದ ದಿನವೂ ನೋಡುತ್ತಿದ್ದೇನೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ನೀನು ಅದನ್ನು ಕೊಟ್ಟಾಗ, "ನೀನೇ ಇದ್ದೀಯಲ್ಲ, ನನಗ್ಯಾಕೆ?" ಅಂದಿದ್ದೆ. ನೀನು ಸ್ವಿಚ್ಚಿನ ಪಕ್ಕ, ನನ್ನ ಕಣ್ಣಿನ ಎತ್ತರಕ್ಕೆ ಅದನ್ನು ಅಂಟಿಸಿದ್ದೆ.