ಡೋನಲ್ ಅವರ ಹೇಸರಗತ್ತೆಗಳು

ಶ್ರೀನಿಧಿ,

ಈ ಪತ್ರ ನಿನಗೆ ಕಳಿಸುವುದಿಲ್ಲ. ಕಳಿಸಿದರೆ ‘ಸಾರಿ ಮಗಾ’ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತೀಯ.

ನಮ್ಮನ್ನು ಬೇಟೆಗೆ ಕರೆದೊಯ್ದಿದ್ದ ಡೋನಲ್ ಅವರನ್ನು ಇವತ್ತು ಮಣ್ಣು ಮಾಡಿದರು. ಕೋವಿಡ್. ಚರ್ಚಿನೊಳಗೆ ಇಪ್ಪತ್ತೈದೇ ಜನ ಎಂಬ ನಿಯಮ, ಹಾಗಾಗಿ ನಾನು ಮಾಸ್ಕ್ ಹಾಕಿಕೊಂಡು ರಸ್ತೆಬದಿಯಲ್ಲಿ ನಿಂತಿದ್ದೆ. ಹೋದ ತಿಂಗಳು ಐರ್ಲೆಂಡಿನ ಈ ವಿಕ್ಲೋ ಬೆಟ್ಟದಲ್ಲಿ ನಮ್ಮ ಗುಡಾರಗಳನ್ನೂ ನೀನು ಹೊಡೆದ ಜಿಂಕೆಯನ್ನೂ ಹೊತ್ತ ಅವರ ಎರಡು ಹೇಸರಗತ್ತೆಗಳನ್ನು ಶವವಾಹನದ ಹಿಂದೆ ನಡೆಸಿಕೊಂಡು ಬಂದರು.

ಬೇಟೆಯ ಮೊದಲ ಬೆಳಿಗ್ಗೆ ಗುಡಾರದಲ್ಲಿ ನಿನ್ನ ಹಣೆ ಮುಟ್ಟಿ ನೋಡಿದ್ದೆ. ಸುಡುತ್ತಿತ್ತು. ‘ಐ ಆಮ್ ಗ್ರ್ಯಾಂಡ್ ಕಣೋ, ಏನೂ ಆಗಿಲ್ಲ. ಡೋನಲ್‌ಗೆ ಹೇಳ್ಬೇಡ, ವಾಪಸ್ ಕಳಿಸ್ಬಿಡ್ತಾರೆ’ ಅಂತ ನೀನು ಹೇಳಿದೆ. ನಾನೂ ಅವರಿಗೆ ಹೇಳಲಿಲ್ಲ. ಎಪ್ಪತ್ತು ದಾಟಿದ ಆ ಮನುಷ್ಯನ ಪಕ್ಕದಲ್ಲೇ ನೀನು ಎರಡು ದಿನ ಕೂತು, ಅವರ ಲೋಟದಲ್ಲೇ ಚಹಾ ಕುಡಿದೆ. ನಾಚಿಕೆಯಾಗಲಿಲ್ಲವೇನೋ ನಿನಗೆ? ಜಿಂಕೆಯ ಕೊಂಬು ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುವುದು ಅಷ್ಟು ಮುಖ್ಯವಾಯಿತೇ?

ಅವರ ಹೆಂಡತಿ ರಸ್ತೆಯ ಆಚೆಯಿಂದಲೇ ನನ್ನನ್ನು ಕೇಳಿದರು: ‘ಬೆಟ್ಟದ ಮೇಲೆ ನಿಮ್ಮಲ್ಲಿ ಯಾರಿಗಾದ್ರೂ ಜ್ವರ ಇತ್ತಾ?’

‘ಇಲ್ಲ, ಯಾರಿಗೂ ಇರಲಿಲ್ಲ’ ಎಂದೆ.

ನಿನ್ನನ್ನು ಉಳಿಸಲು ಹಾಗೆ ಹೇಳಿದೆ ಎಂದುಕೊಳ್ಳಬೇಡ.

ದಿಲೀಪ್